ಮಿಶನ್ ಶಾಲೆ ಬೆಳೆಯುತ್ತಿದೆ ಅಂದರೆ: ಮಂಜೇಶ್ವರ ಕಡೆಯಿಂದ ಒಂದು ಉತ್ತರ

ಬೆಂಗಳೂರಿನಲ್ಲಿ ಕೂತು ನೀವು ಕೇಳಿದ್ದು ಸರಿಯಾದ ಪ್ರಶ್ನೆಯೇ. ಕೇರಳಕ್ಕೆ ಸೇರಿದ ಊರಲ್ಲಿ, ಕ್ರೈಸ್ತರ ಶಾಲೆ, ಅದೂ ಕನ್ನಡದಲ್ಲಿ, ಅದೂ ಮಕ್ಕಳು ಜಾಸ್ತಿ ಆಗ್ತಾ ಇರುವಂಥದ್ದು, ಹೇಗೆ ನಡೆಯುತ್ತದೆ? ಜೊತೆಗೆ ಸ್ವಲ್ಪ ಸಂಕೋಚದಿಂದ ಇನ್ನೊಂದನ್ನೂ ಕೇಳಿದ್ದೀರಿ: ಹೊರದೇಶದ ದುಡ್ಡು ಬರ್ತದಲ್ವಾ?

ಅದನ್ನೇ ಮೊದಲು ಮುಗಿಸುತ್ತೇನೆ. ಇಲ್ಲ ಮಾರಾಯ್ರೆ, ಬರುವುದಿಲ್ಲ. ಒಂದು ಕಾಲದಲ್ಲಿ ಬರುತ್ತಿತ್ತು. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದು ಇಳಿದರು. ಶಾಲೆ, ಅಚ್ಚುಕೂಟ, ನೇಯ್ಗೆ, ಹಂಚಿನ ಕಾರ್ಖಾನೆ ಅಂತ ಒಂದೊಂದಾಗಿ ಶುರು ಮಾಡಿದರು. ಆಗ ಖರ್ಚು ಅಲ್ಲಿಂದ ಬರುತ್ತಿತ್ತು. ಈಗ ಹೊರದೇಶದ ದೇಣಿಗೆ ಬೇಕಾದರೆ ದೆಹಲಿಯ ಗೃಹ ಸಚಿವಾಲಯದಲ್ಲಿ ನೋಂದಣಿ ಬೇಕು. 2020ರ ತಿದ್ದುಪಡಿ ಬಂದ ಮೇಲೆ ದುಡ್ಡು ಮೊದಲು ದೆಹಲಿಯ ಒಂದೇ ಒಂದು ಎಸ್‌ಬಿಐ ಶಾಖೆಯ ಖಾತೆಗೆ ಬರಬೇಕು. ಹಳ್ಳಿಯ ಒಂದು ಯುಪಿ (ಹಿರಿಯ ಪ್ರಾಥಮಿಕ) ಶಾಲೆ ಅಷ್ಟು ದೂರ ಹೋಗುವುದೂ ಇಲ್ಲ, ಹೋಗುವ ಅಗತ್ಯವೂ ಇಲ್ಲ. ಯಾಕೆಂದರೆ ನಮಗೆ ಸಂಬಳ ಕೊಡುವುದು ಚರ್ಚ್ ಅಲ್ಲ, ಕೇರಳ ಸರಕಾರ.

ಇದು ಕರ್ನಾಟಕದವರಿಗೆ ಸ್ವಲ್ಪ ವಿಚಿತ್ರ ಅನಿಸಬಹುದು. ನಿಮ್ಮಲ್ಲಿಯೂ ಅನುದಾನಿತ ಶಾಲೆಗಳಿವೆ. ಆದರೆ ಇಲ್ಲಿ ಹಳ್ಳಿಹಳ್ಳಿಯಲ್ಲೂ ಅವೇ. ಕಟ್ಟಡ, ಜಾಗ, ರಿಪೇರಿ ಮ್ಯಾನೇಜ್‌ಮೆಂಟಿನದ್ದು. ಟೀಚರುಗಳನ್ನು ನೇಮಿಸುವುದು ಮ್ಯಾನೇಜರ್. ಸಂಬಳ ಸರಕಾರದ ಖಜಾನೆಯಿಂದ. ಮಕ್ಕಳಿಂದ ಫೀಸು ಇಲ್ಲ. 1950ರ ದಶಕದ ಕೊನೆಯಲ್ಲಿ ಕೇರಳದ ಶಿಕ್ಷಣ ಮಸೂದೆ ಬಂದಾಗ ದೊಡ್ಡ ಗಲಾಟೆಯೇ ಆಯಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1958ರಲ್ಲಿ ಕೋರ್ಟು ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕಿದೆ ಅಂದಿತು, ಆದರೆ ಅನುದಾನ ತಗೊಂಡರೆ ನ್ಯಾಯವಾದ ನಿಯಮಗಳಿಗೆ ಒಳಪಡಬೇಕು ಅಂತಲೂ ಹೇಳಿತು. ಅಂದಿನಿಂದ ನಮ್ಮ ಬದುಕು ಆ ಎರಡರ ನಡುವೆ.

ನಮ್ಮ ಶಾಲೆಯ ಹೆಸರು ಬೇಡ. ಚರ್ಚಿನ ಪಕ್ಕದಲ್ಲಿದೆ, ಧರ್ಮಕೇಂದ್ರದ ಗುರುಗಳೇ ಸಂಚಾಲಕರು, ಹಳೆಯ ಭಾಗಕ್ಕೆ ಮಂಗಳೂರು ಹಂಚು, ಹೊಸ ಭಾಗಕ್ಕೆ ಆರ್‌ಸಿಸಿ. ನಾನು ಇಲ್ಲಿ ಎಚ್.ಎಂ., ಅಂದರೆ ಮುಖ್ಯ ಟೀಚರ್. ಅಷ್ಟು ಗೊತ್ತಾದರೆ ಸಾಕು.

ಕ್ರೈಸ್ತ ಶಾಲೆ ಅಂದಾಗ ನಿಮ್ಮ ಕಣ್ಣ ಮುಂದೆ ಬರುವ ಚಿತ್ರವನ್ನು ಸ್ವಲ್ಪ ತಿದ್ದಬೇಕು. ನಮ್ಮಲ್ಲಿ ಕ್ರೈಸ್ತ ಮಕ್ಕಳು ಕಡಿಮೆ. ಕೊಂಕಣಿ ಮಾತಾಡುವ ಕಥೋಲಿಕ ಮನೆಗಳ ಮಕ್ಕಳು ಎಷ್ಟೋ ಮಂದಿ ಮಂಗಳೂರಿನ ಶಾಲೆಗಳಿಗೆ ಹೋಗಿಬಿಟ್ಟಿದ್ದಾರೆ. ತರಗತಿಯಲ್ಲಿ ಜಾಸ್ತಿ ಇರುವುದು ಮುಸ್ಲಿಂ ಮಕ್ಕಳು, ಆಮೇಲೆ ಬಿಲ್ಲವ, ಬಂಟ ಮನೆಗಳವರು, ಪರಿಶಿಷ್ಟ ಜಾತಿಯವರು, ಕೊರಗ ಕಾಲೊನಿಯವರು. ಮನೆಯಲ್ಲಿ ಒಬ್ಬರಿಗೆ ತುಳು, ಇನ್ನೊಬ್ಬರಿಗೆ ಬ್ಯಾರಿ, ಮತ್ತೊಬ್ಬರಿಗೆ ಮಲಯಾಳಂ. ಉಪ್ಪಳದ ಕಡೆಯಿಂದ ಬಂದರೆ ಉರ್ದು. ಮನೆಯಲ್ಲೂ ಕನ್ನಡವೇ ಮಾತಾಡುವ ಮಗುವನ್ನು ಹುಡುಕಬೇಕಾದರೆ ಹವ್ಯಕರ ಮನೆಗೆ ಹೋಗಬೇಕು, ಇಲ್ಲವೇ ಗದಗ, ಬಾಗಲಕೋಟೆ ಕಡೆಯಿಂದ ಕೂಲಿಗೆ ಬಂದವರ ಬಾಡಿಗೆ ಕೋಣೆಗೆ. ಕನ್ನಡ ಮಾಧ್ಯಮದ ಡಿವಿಜನ್ನಿನಲ್ಲಿ ಈಗ ಚೆನ್ನಾಗಿ, ಗಟ್ಟಿಯಾಗಿ ಓದುವುದು ಆ ಉತ್ತರ ಕರ್ನಾಟಕದ ಮಕ್ಕಳೇ. ಕಲ್ಲುಕೋರೆಯ ಕೆಲಸ ಮುಗಿದರೆ ಅವರು ವರ್ಷದ ನಡುವೆಯೇ ಹೊರಟುಬಿಡುತ್ತಾರೆ, ಅದೊಂದೇ ಬೇಜಾರು.

ನಮ್ಮ ಶಾಲೆಯಲ್ಲಿ ಅರೇಬಿಕ್ ಟೀಚರ್ ಇದ್ದಾರೆ ಅಂದರೆ ಹೊರಗಿನವರು ಎರಡು ಸಲ ಕೇಳುತ್ತಾರೆ. ಕೇರಳದಲ್ಲಿ ಇದು ಸಾಮಾನ್ಯ ಸಂಗತಿ. ಸಾಕಷ್ಟು ಮಕ್ಕಳಿದ್ದರೆ ಎಲ್‌ಪಿ (ಕಿರಿಯ ಪ್ರಾಥಮಿಕ) ಹಂತದಿಂದಲೇ ಅರೇಬಿಕ್ ಹುದ್ದೆ ಸಿಗುತ್ತದೆ. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ, ಜುಮ್ಮಾ ನಮಾಜಿಗಾಗಿ. ಬೆಳಿಗ್ಗೆ ಮದ್ರಸ ಮುಗಿಸಿ ಬರುವ ಮಕ್ಕಳು ಉಂಟು, ಹಾಗಾಗಿ ಬಸ್ಸಿನ ಸಮಯ ಮದ್ರಸದ ಗಂಟೆ ನೋಡಿಯೇ ಇಡಬೇಕು. ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ ಹೋಗುವ ಹೊತ್ತಿಗೆ ಉಳಿದವರಿಗೆ ಮೌಲ್ಯಶಿಕ್ಷಣ. ಸರಕಾರದ ದುಡ್ಡು ಪಡೆಯುವ ಶಾಲೆಯಲ್ಲಿ ಮಕ್ಕಳನ್ನು ಧರ್ಮಬೋಧನೆಗೆ ಬಲವಂತವಾಗಿ ಕೂರಿಸುವ ಹಾಗಿಲ್ಲ, ಸಂವಿಧಾನದ 28ನೇ ವಿಧಿಯಲ್ಲೇ ಇದೆ. ನಿಜ ಹೇಳಬೇಕಾದರೆ ವಿಧಿ ಇರದಿದ್ದರೂ ಇಲ್ಲಿ ಯಾರೂ ಹಾಗೆ ಮಾಡಲಾರರು. ಮಾಡಿದ ಮರುದಿನ ಶಾಲೆ ಖಾಲಿ.

ಹಾಗಾದರೆ ಮಿಶನ್ ಅನ್ನುವುದು ಎಲ್ಲಿದೆ ಅಂತ ನೀವು ಕೇಳಬಹುದು. ನನಗೆ ಕಾಣುವುದು ಹಾಜರಿಯಲ್ಲಿ. ಕೊರಗ ಕಾಲೊನಿಯ ಮಗು ಸೋಮವಾರ ಬರಲಿಲ್ಲ ಅಂದರೆ ಮಂಗಳವಾರ ಒಬ್ಬ ಟೀಚರ್ ಅಲ್ಲಿ ಹೋಗಿ ನೋಡಬೇಕು. ಬುಟ್ಟಿ ಹೆಣೆಯಲು ಬಳ್ಳಿ ತರಲು ಅಪ್ಪ ಅಮ್ಮ ಕಾಡಿಗೆ ಹೋದರೆ ಚಿಕ್ಕದನ್ನು ನೋಡಿಕೊಳ್ಳಲು ದೊಡ್ಡದು ಮನೆಯಲ್ಲಿ ಉಳಿಯುತ್ತದೆ. ಬೈದರೆ ಮತ್ತೆ ಬರುವುದೇ ಇಲ್ಲ. ಚಿಕ್ಕದನ್ನೂ ಕರಕೊಂಡು ಬಾ ಅಂದರೆ ಬರುತ್ತದೆ. ಎಣ್ಮಕಜೆ ಕಡೆಯ ಕಥೆ ನಿಮಗೆ ಗೊತ್ತಿರಬಹುದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದರು, 2000ದ ಹೊತ್ತಿಗೆ ನಿಂತಿತು. ಆ ಮನೆಗಳ ಅಂಗವೈಕಲ್ಯವಿರುವ ಮಕ್ಕಳಿಗೆ ಈಗ ಪಂಚಾಯತ್ ನಡೆಸುವ ಬಡ್ಸ್ ಅನ್ನುವ ವಿಶೇಷ ಶಾಲೆ ಇದೆ. ಆದರೆ ಅಣ್ಣ ಅಲ್ಲಿ, ತಂಗಿ ನಮ್ಮಲ್ಲಿ ಅನ್ನುವ ಮನೆಗಳು ಇರುತ್ತವೆ. ಆ ತಂಗಿ ಹೋಮ್‌ವರ್ಕ್ ಮಾಡದೆ ಬಂದರೆ ನಾವು ಯಾಕೆ ಅಂತ ಕೇಳುವುದಿಲ್ಲ.

ಇನ್ನು ಬೆಳವಣಿಗೆಯ ಮಾತು. ಇಲ್ಲಿ ಶಾಲೆ ಬೆಳೆಯಿತಾ ಕುಗ್ಗಿತಾ ಅಂತ ನಿರ್ಧಾರ ಆಗುವುದು ಜೂನ್ ತಿಂಗಳ ಆರನೇ ಕೆಲಸದ ದಿನ. ಅವತ್ತು ಎಷ್ಟು ಮಕ್ಕಳ ಹೆಸರು ದಾಖಲಾಗಿದೆಯೋ ಅದರ ಮೇಲೆ ಆ ವರ್ಷದ ಡಿವಿಜನ್, ಅದರ ಮೇಲೆ ಹುದ್ದೆ. ಎಲ್‌ಪಿಯಲ್ಲಿ 30 ಮಕ್ಕಳಿಗೆ ಒಬ್ಬರು, ಯುಪಿಯಲ್ಲಿ 35ಕ್ಕೆ ಒಬ್ಬರು ಅಂತ ಲೆಕ್ಕ. ಒಂದು ಮಗು ಕಡಿಮೆಯಾದರೆ ಒಬ್ಬ ಟೀಚರಿನ ಕೆಲಸವೇ ಹೋಗಬಹುದು. ಹಾಗಾಗಿ ಏಪ್ರಿಲ್, ಮೇ ರಜೆಯಲ್ಲಿ ನಮಗೆ ರಜೆ ಇಲ್ಲ. ಬಿಸಿಲಲ್ಲಿ ಮನೆಮನೆ ಹತ್ತಬೇಕು. ಸರಕಾರಿ ಶಾಲೆಯ ಟೀಚರುಗಳೂ ಅದೇ ಗುಡ್ಡ ಹತ್ತುತ್ತಿರುತ್ತಾರೆ, ದಾರಿಯಲ್ಲಿ ಸಿಕ್ಕಿದರೆ ಇಬ್ಬರೂ ಸುಮ್ನೆ ನಗುತ್ತೇವೆ. ಅಜ್ಜಿ ಮಜ್ಜಿಗೆ ಕೊಟ್ಟು ಕೂರಿಸಿ, ಕೊನೆಗೆ ‘ಬಸ್ ಇಲ್ಲಿ ತನಕ ಬರ್ತದಾ?’ ಅಂತ ಕೇಳುತ್ತಾರೆ. ಎಲ್ಲ ಮಾತೂ ಅಲ್ಲಿಗೇ ಬಂದು ನಿಲ್ಲುವುದು. ಪಾಠ ಹೇಗೆ, ಟೀಚರ್ ಹೇಗೆ ಅಂತ ಆಮೇಲೆ.

ಬಸ್ಸಿಗೆ ಸರಕಾರದ ಅನುದಾನದಲ್ಲಿ ಜಾಗವಿಲ್ಲ. ಡ್ರೈವರ್, ಡೀಸೆಲ್, ವಿಮೆ, ಎಲ್ಲ ನಾವೇ ನೋಡಬೇಕು. ಹೆತ್ತವರು ಕೊಡುವುದರಲ್ಲಿ ಅರ್ಧವೂ ಆಗುವುದಿಲ್ಲ. ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು, ಊರಿನ ಅಡಿಕೆ ತೋಟದವರು, ಚರ್ಚಿನ ವಾರ್ಷಿಕ ಹಬ್ಬದ ಏಲಂ, ಹೀಗೆ ಹೊಂದಿಸುವುದು. ಎಲ್‌ಕೆಜಿ, ಯುಕೆಜಿ ಸಹ ಹಾಗೆಯೇ ನಮ್ಮ ಸ್ವಂತ ಖರ್ಚಿನದು. ಅದನ್ನು ನಡೆಸದಿದ್ದರೆ ಒಂದನೇ ಕ್ಲಾಸಿಗೆ ಮಕ್ಕಳೇ ಇಲ್ಲ. ಮೂರು ವರ್ಷದ ಮಗು ಒಮ್ಮೆ ಯಾವ ಗೇಟಿನ ಒಳಗೆ ಹೋಯಿತೋ ಅಲ್ಲಿಯೇ ಉಳಿಯುತ್ತದೆ, ಹೆತ್ತವರಿಗೆ ಆಮೇಲೆ ಬದಲಿಸುವ ಮನಸ್ಸಾಗುವುದಿಲ್ಲ.

ಈಗ ಮಕ್ಕಳು ಜಾಸ್ತಿಯಾದರು ಅನ್ನಿ. ಎಲ್ಲರೂ ಅಭಿನಂದನೆ ಹೇಳುತ್ತಾರೆ. ನನಗೆ ಮಾತ್ರ ಆವತ್ತು ರಾತ್ರಿ ನಿದ್ದೆ ಬರುವುದಿಲ್ಲ. ಬಿಸಿಯೂಟದ ಲೆಕ್ಕ ತಗೊಳ್ಳಿ. 2016ರಲ್ಲಿ ಸರಕಾರ ನಿಗದಿ ಮಾಡಿದ ದರ ಹೀಗಿತ್ತು: ಮೊದಲ 150 ಮಕ್ಕಳಿಗೆ ತಲೆಗೆ 8 ರೂಪಾಯಿ, ಅಲ್ಲಿಂದ 500ರ ತನಕ 7, ಅದಕ್ಕಿಂತ ಮೇಲಿನವರಿಗೆ 6. ವರ್ಷಗಟ್ಟಲೆ ಅದೇ ದರ ನಡೆಯಿತು. ಅಕ್ಕಿ ಬೇರೆ ಸಿಗುತ್ತದೆ, ಸರಿ. ತರಕಾರಿ, ಬೇಳೆ, ತೆಂಗಿನಕಾಯಿ, ಗ್ಯಾಸ್ ಆ ದುಡ್ಡಲ್ಲೇ ಆಗಬೇಕಿತ್ತು. ವಾರಕ್ಕೆ ಒಂದು ಮೊಟ್ಟೆ, ಎರಡು ದಿನ ಹಾಲು, ಅದೂ ಅದರಲ್ಲೇ ಅಂತ ಇತ್ತು. ಶಾಲೆ ದೊಡ್ಡದಾದಷ್ಟೂ ತಲೆಗೆ ಸಿಗುತ್ತಿದ್ದದ್ದು ಕಡಿಮೆ! ಅಷ್ಟೂ ದುಡ್ಡು ತಿಂಗಳುಗಟ್ಟಲೆ ತಡವಾಗಿ ಬರುತ್ತಿತ್ತು. ಇದರ ಬಗ್ಗೆ 2023ರಲ್ಲಿ ಕೇರಳದ ಟೀಚರುಗಳು ಹೈಕೋರ್ಟಿಗೇ ಹೋದರು. ಅಂಗಡಿಯಲ್ಲಿ ಸಾಲದ ಪುಸ್ತಕ ಇರುವುದು ಎಚ್.ಎಂ. ಹೆಸರಲ್ಲಿ, ಸಂಚಾಲಕರ ಹೆಸರಲ್ಲಿ ಅಲ್ಲ. ಆ ಗುರುಗಳು ವರ್ಗವಾಗಿ ಹೋಗುತ್ತಾರೆ, ನಾನು ಊರಲ್ಲೇ ಇರಬೇಕಲ್ವಾ.

ಹೊಸ ಡಿವಿಜನ್ ಬಂದರೆ ಹೊಸ ಟೀಚರ್ ಬೇಕು. ನೇಮಕ ಮಾಡುವುದು ಒಂದು ದಿನದ ಕೆಲಸ. ಸಂಬಳಕ್ಕೆ ಬೇಕಾದ ಸರಕಾರದ ಅಪ್ರೂವಲ್ ಆಗುವುದು ಬೇರೆಯೇ ವಿಷಯ. ಕಡತ ಮೇಲೆ ಹೋಗುತ್ತದೆ, ಏನೋ ಆಕ್ಷೇಪ ಹಾಕಿ ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ಅಂಗವಿಕಲರ ಮೀಸಲಾತಿ ಪಾಲಿಸಲಿಲ್ಲ ಅನ್ನುವ ವಿಚಾರದಲ್ಲಿ ಇಡೀ ರಾಜ್ಯದ ಅನುದಾನಿತ ಶಾಲೆಗಳ ನೇಮಕಾತಿಗಳು ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡವು. ಆ ಮೀಸಲಾತಿ ನ್ಯಾಯವೇ, ಮೊದಲೇ ಕೊಡಬೇಕಿತ್ತು. ಆದರೆ ಪೆಟ್ಟು ತಿಂದದ್ದು ಆ ಹೊತ್ತಿಗೆ ಕೆಲಸಕ್ಕೆ ಸೇರಿದ ಹುಡುಗಿಯರು. ಪೂರ್ತಿ ಕ್ಲಾಸು ನೋಡಿಕೊಂಡು, ಸಂಬಳ ಇಲ್ಲದೆ, ಸಂಜೆ ಟ್ಯೂಶನ್ ಮಾಡಿ ಬದುಕಿದವರನ್ನು ನಾನು ನೋಡಿದ್ದೇನೆ. ಮದುವೆ ಮಾತುಕತೆಗೆ ಬಂದವರು ಕೇಳುವ ಮೊದಲ ಪ್ರಶ್ನೆಯೂ ‘ಅಪ್ರೂವಲ್ ಆಗಿದೆಯಾ?’

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಮ್ಯಾನೇಜ್‌ಮೆಂಟ್ ಶಾಲೆಗಳಲ್ಲಿ ಹುದ್ದೆಗೆ ಲಕ್ಷಗಟ್ಟಲೆ ತಗೊಳ್ಳುವುದು ಕೇರಳದಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಮಿಶನ್ ಅಂತ ಹೆಸರು ಇಟ್ಟುಕೊಂಡವರು ಆ ಕೆಲಸಕ್ಕೆ ಹೋಗಬಾರದು. ಹೋದರೆ ಬೆಳಗಿನ ಪ್ರಾರ್ಥನೆಗೆ ಅರ್ಥ ಉಳಿಯುವುದಿಲ್ಲ. ನೀವು ಯಾವುದೇ ಶಾಲೆಗೆ ಸಹಾಯ ಮಾಡುವ ಮೊದಲು ಇದೊಂದನ್ನು ಊರಲ್ಲಿ ವಿಚಾರಿಸಿ. ಚಹಾದ ಅಂಗಡಿಯಲ್ಲಿ ಸರಿಯಾದ ಉತ್ತರ ಸಿಗುತ್ತದೆ.

ಕನ್ನಡದ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಬೆಳವಣಿಗೆಯ ಸುದ್ದಿ ಕೇಳಿ ನೀವು ಖುಷಿಪಟ್ಟದ್ದು ಅದಕ್ಕೇ. ಖುಷಿಯನ್ನು ಅರ್ಧ ಮಾಡಿಕೊಳ್ಳಿ. ಮಕ್ಕಳು ಹೆಚ್ಚಿದ್ದು ಇಂಗ್ಲಿಷ್ ಡಿವಿಜನ್ನಿನಲ್ಲಿ. ಅದೇ ಶಾಲೆ, ಅದೇ ಅನುದಾನ, ಪಕ್ಕದ ಕೋಣೆ. ಕನ್ನಡ ಡಿವಿಜನ್ ನಿಂತಿದೆ, ಆದರೆ ತೆಳ್ಳಗೆ. 1956ರ ನವೆಂಬರ್ 1ರಂದು ಈ ಊರು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಅದು ಹಾಗೆಯೇ ಉಳಿಯಿತು. ನಿಮ್ಮಲ್ಲಿ ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಇದರ ಭಾಷಣ ಆಗುತ್ತದೆ. ನಮ್ಮಲ್ಲಿ ಹೆತ್ತವರು ಯೋಚನೆ ಮಾಡುವುದು ಬೇರೆ: ಮಗನಿಗೆ ಕೇರಳದಲ್ಲಿ ಪಿಎಸ್‌ಸಿ ಮೂಲಕ ಸರಕಾರಿ ಕೆಲಸ ಬೇಕಾದರೆ ಮಲಯಾಳಂ ಬೇಕು, ಗಲ್ಫಿಗೆ ಹೋಗಲು ಇಂಗ್ಲಿಷ್ ಬೇಕು, ಕನ್ನಡ ಯಾವುದಕ್ಕೆ? 2017ರಲ್ಲಿ ಹತ್ತನೇ ತರಗತಿಯವರೆಗೆ ಎಲ್ಲ ಶಾಲೆಗಳಲ್ಲೂ ಮಲಯಾಳಂ ಕಡ್ಡಾಯ ಅಂತ ಕಾನೂನು ಬಂದಾಗ ಇಲ್ಲಿ ಪ್ರತಿಭಟನೆ ಆಯಿತು. ಕನ್ನಡ ಬಾರದವರನ್ನು ಕನ್ನಡ ಮಕ್ಕಳಿಗೆ ಪಾಠ ಮಾಡಲು ಕಳಿಸಿದಾಗಲೂ ಆಯಿತು. ಪ್ರತಿಭಟನೆ ಬೇಕು, ನಾನೂ ಹೋಗಿದ್ದೇನೆ. ಆದರೆ ಮೈಕಿನಲ್ಲಿ ಗಟ್ಟಿಯಾಗಿ ಮಾತಾಡಿದವರಲ್ಲಿ ಎಷ್ಟು ಜನರ ಮಕ್ಕಳು ಕನ್ನಡ ಡಿವಿಜನ್ನಿನಲ್ಲಿದ್ದಾರೆ ಅಂತ ಎಚ್.ಎಂ.ಗಳಿಗೆ ಗೊತ್ತಿರುತ್ತದೆ. ರಿಜಿಸ್ಟರ್ ನಮ್ಮ ಕೈಯಲ್ಲೇ ಇದೆಯಲ್ಲ.

ಕನ್ನಡ ಟೀಚರ್ ಸಿಗುವುದೂ ಸುಲಭವಲ್ಲ. ಮಂಗಳೂರಿನಲ್ಲಿ ಓದಿದವರಿಗೆ ಕೇರಳದ ಕೆ-ಟೆಟ್ ಅನ್ನುವ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾಗಬೇಕು, ಸರ್ಟಿಫಿಕೇಟಿಗೆ ಇಲ್ಲಿನ ತತ್ಸಮಾನ ಪತ್ರ ತರಬೇಕು. ತಲಪಾಡಿ ಗಡಿ ದಾಟಿ ದಿನಾ ಬಂದುಹೋಗುವವರು ಇದ್ದಾರೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಆ ರಸ್ತೆ ಮುಚ್ಚಿದ ಮೇಲೆ, ಗಡಿ ಅಂದರೆ ನಿಜವಾಗಿಯೂ ಗಡಿ ಅಂತ ಎಲ್ಲರಿಗೂ ಗೊತ್ತಾಯಿತು. ಪಠ್ಯಪುಸ್ತಕ ತಿರುವನಂತಪುರದಲ್ಲಿ ಮಲಯಾಳಂನಿಂದ ಕನ್ನಡಕ್ಕೆ ಆಗಿ ಬರುತ್ತದೆ. ಕೆಲವೊಮ್ಮೆ ತಡ, ಕೆಲವೊಮ್ಮೆ ಕನ್ನಡ ಅಂತ ಗುರುತು ಹಿಡಿಯುವುದೇ ಕಷ್ಟ. ಓಣಂ ಪರೀಕ್ಷೆಗೆ ಓದಿಸಬೇಕಾದ ಮಗು ಗಡಿಯಾಚೆ ಅಜ್ಜಿಮನೆಯಲ್ಲಿ ಅಷ್ಟಮಿಗೆ ಹೋಗಿರುತ್ತದೆ. ದಸರಾಕ್ಕೆ ಅಲ್ಲಿಯ ಮಕ್ಕಳಿಗೆ ಉದ್ದ ರಜೆ, ನಮ್ಮವರಿಗೆ ಇಲ್ಲ, ಆ ವಾರ ಹಾಜರಿ ಅರ್ಧ. ಸೆಪ್ಟೆಂಬರ್ 8ರ ಮೊಂತಿ ಫೆಸ್ತ್, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬದ ದಿನ ಮಾತ್ರ ಯಾರನ್ನೂ ಕರೆಯಬೇಕಾಗಿಲ್ಲ. ಹಬ್ಬದ ಹಿಂದಿನ ದಿನಗಳಲ್ಲಿ ಹೂ ತರಲು ಎಲ್ಲ ಮಕ್ಕಳೂ ಮುಂದೆ, ಮುಸ್ಲಿಂ ಮನೆಯ ಅಂಗಳದ ದಾಸವಾಳವೂ ಮಾತೆಯ ಮುಂದೆ ಬೀಳುತ್ತದೆ.

ನೀವು ಏನಾದರೂ ಮಾಡಬೇಕು ಅಂತ ಬರೆದಿದ್ದೀರಿ. ಕಂಪ್ಯೂಟರ್ ಬೇಡ, ಬೇಕಾದಷ್ಟಿದೆ. ಹೊಸ ಕಟ್ಟಡವೂ ಬೇಡ, ಈಗಿರುವುದಕ್ಕೆ ಪ್ರತಿ ವರ್ಷ ಮೇ ತಿಂಗಳಲ್ಲಿ ಪಂಚಾಯತಿನಿಂದ ಕಟ್ಟಡ ಗಟ್ಟಿಯಿದೆ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್ ಪಡೆಯುವುದೇ ಒಂದು ಯುದ್ಧ. ಕನ್ನಡ ಕಥೆಪುಸ್ತಕ ಕಳಿಸಿ, ಚಿಕ್ಕ ಮಕ್ಕಳದು, ಚಿತ್ರ ಜಾಸ್ತಿ ಇರುವಂಥದ್ದು. ಇಲ್ಲಿಯ ಅಂಗಡಿಗಳಲ್ಲಿ ಅದು ಸಿಗುವುದಿಲ್ಲ. ದುಡ್ಡೇ ಕೊಡುವುದಾದರೆ ಬಸ್ ಡ್ರೈವರಿನ ಸಂಬಳಕ್ಕೆ ಕೊಡಿ. ಫಲಕದಲ್ಲಿ ಹೆಸರು ಬರೆಸಲು ಆಗುವುದಿಲ್ಲ, ಆದರೆ ಕೊನೆಯ ಸ್ಟಾಪಿನ ಮಕ್ಕಳು ಶಾಲೆಯಲ್ಲಿ ಉಳಿಯುತ್ತಾರೆ. ಬಂದು ನೋಡುವುದಾದರೆ ಜುಲೈ ಕಳೆದ ಮೇಲೆ ಬನ್ನಿ. ಜೂನಿನಲ್ಲಿ ಮಾತಾಡಲು ನಮಗೆ ಪುರುಸೊತ್ತಿಲ್ಲ, ಜುಲೈಯಲ್ಲಿ ಮಳೆ ಜೋರಾದರೆ ಕಲೆಕ್ಟರ್ ರಜೆ ಘೋಷಿಸಿರುತ್ತಾರೆ, ನೀವು ಬಂದಾಗ ಗೇಟಿಗೆ ಬೀಗ ಇರುತ್ತದೆ.