ಮಕ್ಕಳ ಕುಸ್ತಿಯಲ್ಲಿ ಎತ್ತಿ ಎಸೆಯುವ ಪಟ್ಟುಗಳನ್ನು ನಿಷೇಧಿಸಬೇಕೇ?

ನಿಷೇಧ ಬೇಡ, ಕಲಿಸುವ ಕ್ರಮ ಸರಿಯಿದ್ದರೆ ಸಾಕು. ಅಂತರರಾಷ್ಟ್ರೀಯ ಕುಸ್ತಿಯ ಎರಡು ಶೈಲಿಗಳಾದ ಫ್ರೀಸ್ಟೈಲ್‌ನಲ್ಲೂ ಗ್ರೀಕೋ-ರೋಮನ್‌ನಲ್ಲೂ ಗಾಳಿಯಲ್ಲಿ ಎತ್ತಿ ಬೆನ್ನ ಮೇಲೆ ಕೆಡವುವ ದೊಡ್ಡ ಎಸೆತಕ್ಕೆ 5 ಅಂಕ. ಮಕ್ಕಳಿಗೆ ಅದರ ಆಸೆ ಇದ್ದೇ ಇರುತ್ತದೆ.

ಅಪಾಯವಿರುವುದು ಅರ್ಧಕ್ಕೆ ನಿಂತ ಎಸೆತದಲ್ಲಿ. ಎತ್ತಿದವನು ನಡುವೆ ಹಿಡಿತ ಸಡಿಲಿಸಿದರೆ ಎದುರಾಳಿಯ ತಲೆಯೇ ಮೊದಲು ನೆಲ ಮುಟ್ಟಬಹುದು. ಬೀಳುವವನ ತಪ್ಪು ಬೇರೆ: ಹೆದರಿ ಕೈ ನೆಟ್ಟಗೆ ಊರುತ್ತಾನೆ, ಇಬ್ಬರ ಭಾರವೂ ಅದರ ಮೇಲೆ ಬಿದ್ದು ಮೊಣಕೈ ಕೀಲು ತಪ್ಪುತ್ತದೆ. ಹಾಗಾಗಿ ಎಸೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿಸಿ: ಗದ್ದ ಎದೆಗೆ, ಕೈ ಒಳಕ್ಕೆ, ಪೆಟ್ಟು ಬೆನ್ನಿನ ಅಗಲಕ್ಕೆ ಹರಡಬೇಕು.

ಆಮೇಲೆ ಮಂಡಿಯೂರಿ ಎಸೆತ, ನಂತರ ಡಮ್ಮಿ (ಅಭ್ಯಾಸದ ಗೊಂಬೆ), ಕೊನೆಗೆ ದಪ್ಪ ಕ್ರ್ಯಾಶ್ ಮ್ಯಾಟ್ ಮೇಲೆ ಸಮತೂಕದ ಜೊತೆಗಾರ. ಸೊಂಟದ ಮೇಲಿಂದ ಉರುಳಿಸುವ ಪಟ್ಟು ಮೊದಲು ಬರಲಿ. ಕತ್ತು ಗಟ್ಟಿಯಾಗಿ, ಬ್ರಿಜ್ (ತಲೆ, ಪಾದ ಊರಿ ಬೆನ್ನನ್ನು ಕಮಾನಿನಂತೆ ಎತ್ತುವುದು) ಸಲೀಸಾಗುವ ತನಕ ಹಿಂದಕ್ಕೆ ಬಾಗಿ ಎಸೆಯುವ ಸುಪ್ಲೆಕ್ಸ್‌ಗೆ ಕೈ ಹಾಕಿಸಬೇಡಿ, ಹುಡುಗ ಎಷ್ಟೇ ಹಟ ಮಾಡಲಿ. ಅಭ್ಯಾಸದ ಕೊನೆಯಲ್ಲಿ, ಕಾಲು ಸೋತಾಗ, ಎಸೆತ ಬೇಡವೇ ಬೇಡ.

ಅಮೆರಿಕದ ಶಾಲಾ ಕುಸ್ತಿಯ ನಿಯಮ ನನಗೆ ಹಿಡಿಸುತ್ತದೆ: ಎತ್ತಿದವನೇ ಎದುರಾಳಿಯನ್ನು ಸುರಕ್ಷಿತವಾಗಿ ನೆಲಕ್ಕಿಳಿಸಬೇಕು, ಕುಕ್ಕಿದರೆ ದಂಡ.