ಇ-ಇಂಕ್ ಟ್ಯಾಬ್ಲೆಟ್: ಬರೆದದ್ದು ಹೊರಗೆ ಬರುತ್ತಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಕಾಗದದ ಹಾಗೆ ಕಾಣುವ ಸ್ಕ್ರೀನಿನ ಇ-ಇಂಕ್ ಟ್ಯಾಬ್ಲೆಟ್ ಬಗ್ಗೆ ಕೇಳಿದವರೇ ಜಾಸ್ತಿ. ಅದರಲ್ಲೂ ಪೆನ್ ಹಿಡಿದುಕೊಂಡೇ ಓದುವವರು. ಆಯ್ದ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಸಂಶೋಧನೆ ಮಾಡುತ್ತಿದ್ದೇನೆ. ದಿನವೂ ಪಿಡಿಎಫ್ ಲೇಖನ ಓದಬೇಕು, ಅಂಚಿನಲ್ಲಿ ಟಿಪ್ಪಣಿ ಬರೆದುಕೊಳ್ಳಬೇಕು. 10.3 ಇಂಚು ಸಾಕಾ, 13.3 ಇಂಚಿನದೇ ಬೇಕಾ?

ಉತ್ತರ: ಒಂದು ಸಣ್ಣ ಲೆಕ್ಕ ಹಾಕೋಣ. ಎ4 ಹಾಳೆ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ. 10.3 ಇಂಚಿನ ಸ್ಕ್ರೀನ್ ಸುಮಾರು 157 ಮಿ.ಮೀ. ಅಗಲ, 210 ಮಿ.ಮೀ. ಎತ್ತರ, ಅಂದರೆ ಹೆಚ್ಚುಕಡಿಮೆ ಎ5. ಇಡೀ ಪುಟ ಒಂದೇ ಸಲ ಕಾಣಬೇಕು ಅಂದರೆ ಅದು ಶೇಕಡಾ 70ಕ್ಕೆ ಕುಗ್ಗುತ್ತದೆ, 10 ಪಾಯಿಂಟ್ ಅಕ್ಷರ 7 ಪಾಯಿಂಟ್ ಆಗುತ್ತದೆ. ಇಂಗ್ಲಿಷ್ ಆದರೆ ಹೇಗೋ ಓದಬಹುದು, ಕನ್ನಡದ ಒತ್ತಕ್ಷರಗಳು ಆ ಗಾತ್ರದಲ್ಲಿ ಕಣ್ಣಿಗೆ ನಿಜಕ್ಕೂ ಕೆಲಸ ಕೊಡುತ್ತವೆ. 13.3 ಇಂಚಿನದರಲ್ಲಿ ಅದೇ ಪುಟ ಶೇಕಡಾ 90ರಷ್ಟು ಗಾತ್ರದಲ್ಲಿ ಸಿಗುತ್ತದೆ.

ಅಂಚು ಕತ್ತರಿಸಿ ಅಕ್ಷರ ದೊಡ್ಡದು ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಬರೀ ಓದುವವರಿಗೆ ಅದು ಸರಿಯೇ. ಆದರೆ ನೀವು ಬರೆಯುವುದೇ ಅಂಚಿನಲ್ಲಿ ಅಲ್ವಾ, ಅದನ್ನೇ ಕತ್ತರಿಸಿದರೆ ಪೆನ್ ಎಲ್ಲಿ ಆಡಿಸ್ತೀರಿ? ಅದರ ಬದಲು ಟ್ಯಾಬ್ಲೆಟ್ ಅಡ್ಡ ತಿರುಗಿಸಿ. ಈಗ ಸ್ಕ್ರೀನಿನ ಅಗಲ 210 ಮಿ.ಮೀ., ಎ4 ಹಾಳೆಯ ಅಗಲವೂ ಅಷ್ಟೇ. ಪುಟದ ಮೇಲಿನ ಅರ್ಧ ಪೂರ್ಣ ಗಾತ್ರದಲ್ಲಿ, ಅಂಚಿನ ಸಮೇತ ಎದುರಿಗೆ ಬರುತ್ತದೆ. ಓದಿ, ಬರೆದು, ಕೆಳಗಿನ ಅರ್ಧಕ್ಕೆ ಹೋಗಿ. ಎರಡು ಕಾಲಂ ಲೇಖನವಾದರೆ ಮಾತ್ರ ಒಂದೊಂದು ಕಾಲಮ್ಮಿಗೂ ಕೆಳಗೆ ಹೋಗಿ ಮತ್ತೆ ಮೇಲೆ ಬರಬೇಕು, ಸ್ವಲ್ಪ ಕಿರಿಕಿರಿ. ಬ್ಯಾಗಿನಲ್ಲಿ ಹೊತ್ತು ಓಡಾಡುವವರು 10.3 ತಗೊಳ್ಳಿ. ಮೇಜಿನ ಮುಂದೆ ಕೂತು ದಿನವಿಡೀ ಎ4 ಪುಟ ಓದುವವರಾದರೆ 13.3 ಇಂಚಿನದೇ ಸರಿ, ಈ ವಿಷಯದಲ್ಲಿ ನನಗೆ ಅನುಮಾನ ಇಲ್ಲ.

ಪ್ರಶ್ನೆ: ಪ್ರಕಾಶನ ಸಂಸ್ಥೆಯೊಂದರಲ್ಲಿ ಕರಡು ತಿದ್ದುವ ಕೆಲಸ ನನ್ನದು. ಕಾಗದದ ಮೇಲೆ ತಿದ್ದಿದ ಹಾಗೇ ಇದರಲ್ಲೂ ತಿದ್ದಿ, ಲೇಖಕರಿಗೆ ವಾಪಸ್ ಕಳಿಸಬಹುದಾ? ಗೆಳತಿಯ ಟ್ಯಾಬ್ಲೆಟ್‌ನಲ್ಲಿ ಬರೆದು, ಆ ಫೈಲನ್ನು ಕಂಪ್ಯೂಟರಿಗೆ ಹಾಕಿಕೊಂಡು ನೋಡಿದರೆ ಬರೆದದ್ದು ಒಂದೂ ಕಾಣಲಿಲ್ಲ.

ಉತ್ತರ: ನನ್ನ ಪ್ರಕಾರ ಇ-ಇಂಕ್ ಟ್ಯಾಬ್ಲೆಟ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ, ಜನ ಕೊನೆಗೆ ಕೇಳುವುದೂ ಇದನ್ನೇ. ಸ್ಕ್ರೀನ್ ಹೇಗಿದೆ, ಬ್ಯಾಟರಿ ಎಷ್ಟು ದಿನ ಬರುತ್ತದೆ ಅಂತೆಲ್ಲ ವಿಚಾರಿಸುತ್ತಾರೆ, ಬರೆದದ್ದು ಎಲ್ಲಿ ಕೂರುತ್ತದೆ ಅಂತ ವಿಚಾರಿಸುವುದಿಲ್ಲ.

ನೀವು ಪಿಡಿಎಫ್ ಮೇಲೆ ಗೀಚಿದ್ದು ಮೂರು ರೀತಿಯಲ್ಲಿ ಉಳಿಯಬಹುದು. ಒಂದು, ಪಿಡಿಎಫ್ ಒಳಗೇ ಅನೊಟೇಶನ್ ಆಗಿ, ಅಂದರೆ ಪುಟದ ಮೇಲೆ ಬೇರೆಯಾಗಿ ಕೂರುವ ಟಿಪ್ಪಣಿಯಾಗಿ. ಪಿಡಿಎಫ್ 2008ರಲ್ಲಿ ಐಎಸ್‌ಒ 32000 ಎಂಬ ಅಂತರರಾಷ್ಟ್ರೀಯ ಮಾನದಂಡವಾಯಿತು. ಹೈಲೈಟ್, ಕೈಬರಹದ ಗೆರೆ, ಚೀಟಿ ಟಿಪ್ಪಣಿ ಇವೆಲ್ಲ ಅದರಲ್ಲೇ ಇವೆ. ಹೀಗೆ ಉಳಿದರೆ ಲೇಖಕರು ಒಂದೊಂದು ತಿದ್ದುಪಡಿಯನ್ನೂ ನೋಡಿ, ಒಪ್ಪಿ, ಅಳಿಸಿಕೊಳ್ಳುತ್ತಾ ಹೋಗಬಹುದು. ಎರಡನೆಯದು, ಪುಟದ ಚಿತ್ರದಲ್ಲೇ ಬೆರೆತುಹೋಗುವುದು. ಕಣ್ಣಿಗೆ ಕಾಣುತ್ತದೆ, ಆದರೆ ಬೇರ್ಪಡಿಸುವುದಕ್ಕೆ ಆಗುವುದಿಲ್ಲ. ಮೂರನೆಯದು, ಪಿಡಿಎಫ್ ಹಾಗೇ ಇದ್ದು ಬರಹ ಮಾತ್ರ ಟ್ಯಾಬ್ಲೆಟ್‌ನ ಸ್ವಂತ ಫೈಲಿನಲ್ಲೋ ಡೇಟಾಬೇಸಿನಲ್ಲೋ ಕೂರುವುದು. ರಿಮಾರ್ಕಬಲ್ ಕಂಪನಿಯ ಟ್ಯಾಬ್ಲೆಟ್ ಹೀಗೆಯೇ ತನ್ನದೇ ನಮೂನೆಯ ಫೈಲುಗಳಲ್ಲಿ ಗೆರೆಗಳನ್ನು ಇಟ್ಟುಕೊಂಡು, ಎಕ್ಸ್‌ಪೋರ್ಟ್ ಮಾಡಿದಾಗ, ಅಂದರೆ ಹೊರಗೆ ಕಳಿಸಲು ಹೊಸ ಫೈಲ್ ಮಾಡಿಸಿದಾಗ, ಎರಡನ್ನೂ ಸೇರಿಸಿ ಕೊಡುತ್ತದೆ. ಕೋರೀಡರ್ ಎಂಬ ಮುಕ್ತ ತಂತ್ರಾಂಶ ಹೈಲೈಟುಗಳನ್ನು ಪುಸ್ತಕದ ಪಕ್ಕದಲ್ಲೇ ಬೇರೆ ಫೋಲ್ಡರಿನಲ್ಲಿ ಇಡುತ್ತದೆ. ನಿಮ್ಮ ಗೆಳತಿಯ ಟ್ಯಾಬ್ಲೆಟ್‌ನಲ್ಲೂ ಇಂಥದ್ದೇ ಏನೋ ಆಗಿರಬೇಕು. ನೀವು ಮೂಲ ಫೈಲನ್ನೇ ಕಾಪಿ ಮಾಡಿಕೊಂಡಿರಿ, ಎಕ್ಸ್‌ಪೋರ್ಟ್ ಮಾಡಲಿಲ್ಲ. ಗೆಳತಿಗೆ ಹೇಳಿ ಎಕ್ಸ್‌ಪೋರ್ಟ್ ಕೊಟ್ಟು ನೋಡಿ, ಬರೆದದ್ದು ಅಲ್ಲೇ ಇರುತ್ತದೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಎರಡು ಪುಟದ ಪಿಡಿಎಫ್ ತೆರೆದು ಒಂದು ಸಾಲನ್ನು ಹೈಲೈಟ್ ಮಾಡಿ, ಒಂದು ಪದ ಹೊಡೆದುಹಾಕಿ, ಅಂಚಿನಲ್ಲಿ ಎರಡು ಪದ ಬರೆಯಿರಿ. ಎಕ್ಸ್‌ಪೋರ್ಟ್ ಮಾಡಿ ಕಂಪ್ಯೂಟರಿನಲ್ಲಿ ಟಿಪ್ಪಣಿಗಳನ್ನು ತಿದ್ದಲು ಬರುವ ಬೇರೆ ಪಿಡಿಎಫ್ ತಂತ್ರಾಂಶದಲ್ಲಿ ತೆರೆಯಿರಿ. ನೀವು ಎಳೆದ ಗೆರೆಯ ಮೇಲೆ ಕ್ಲಿಕ್ ಮಾಡಿ. ಸುತ್ತ ಒಂದು ಚೌಕ ಬಂದು ಗೆರೆ ಬೇರೆಯಾಗಿ ಸಿಕ್ಕಿತೇ? ಅದು ಅನೊಟೇಶನ್. ಏನೂ ಆಗಲಿಲ್ಲವೇ? ಬರಹ ಪುಟದಲ್ಲಿ ಬೆರೆತಿದೆ. ಹೈಲೈಟ್ ಒಂದು ಥರ, ಕೈಬರಹ ಇನ್ನೊಂದು ಥರ ಬರುವುದೂ ಉಂಟು, ಅದಕ್ಕೇ ಎರಡನ್ನೂ ಬೇರೆಬೇರೆ ನೋಡಬೇಕು. ಕರಡು ತಿದ್ದುವವರಿಗೆ ಇದು ಸುಮ್ನೆ ಬಿಡುವ ವಿಷಯವಲ್ಲ. ಬರಹ ಪುಟದಲ್ಲಿ ಬೆರೆತಿದ್ದರೆ 300 ಪುಟದ ಪುಸ್ತಕದಲ್ಲಿ ಲೇಖಕರು ತಿದ್ದುಪಡಿಗಳ ಪಟ್ಟಿ ಇಲ್ಲದೆ ಪುಟ ಪುಟ ತಿರುವಿ ಹುಡುಕಬೇಕಾಗುತ್ತದೆ.

ಇನ್ನೊಂದು ಮಾತು. ಇಪಬ್ ಎಂಬ ಇ-ಪುಸ್ತಕ ನಮೂನೆಯಲ್ಲಿರುವ ಪುಸ್ತಕದ ಮೇಲೆ ಕೈಬರಹ ಬೇರೆಯೇ ಸಮಸ್ಯೆ. ಪಿಡಿಎಫ್ ಪುಟ ಅಲ್ಲಾಡುವುದಿಲ್ಲ, ಇಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದ ಕೂಡಲೇ ಸಾಲುಗಳು ಜಾಗ ಬದಲಿಸುತ್ತವೆ. ಪದದ ಕೆಳಗೆ ಎಳೆದ ಗೆರೆ ಆಗ ಎಲ್ಲಿಗೆ ಹೋಗಬೇಕು? ಇದಕ್ಕೆ ಒಂದೊಂದು ಕಂಪನಿ ಒಂದೊಂದು ದಾರಿ ಹಿಡಿದಿದೆ. ಅಕ್ಷರದ ಗಾತ್ರ ಬದಲಿಸಿ ನೋಡಿದರೆ ನಿಮಗೇ ಗೊತ್ತಾಗುತ್ತದೆ. ತಿದ್ದುವ ಕೆಲಸಕ್ಕಂತೂ ಪಿಡಿಎಫೇ ಇಟ್ಟುಕೊಳ್ಳಿ.

ಪ್ರಶ್ನೆ: ಹಳೆಯ ಪುಸ್ತಕವೊಂದರ ಪಿಡಿಎಫ್‌ನಲ್ಲಿ ಹೈಲೈಟ್ ಆಗುತ್ತಲೇ ಇಲ್ಲ. ಟ್ಯಾಬ್ಲೆಟ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ. ಸ್ಕ್ಯಾನ್ ಮಾಡಿದ ಪುಸ್ತಕ ಅಂದರೆ ಅದು ಪುಟಗಳ ಫೋಟೋ ಅಷ್ಟೇ, ಅದರೊಳಗೆ ಅಕ್ಷರ ಅಂತ ಏನೂ ಇಲ್ಲ. ಕಂಪ್ಯೂಟರಿನಲ್ಲಿ ಒಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವುದು) ಮಾಡಿ ಅಕ್ಷರದ ಪದರ ಸೇರಿಸಿಕೊಳ್ಳಿ, ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಅಷ್ಟೆಲ್ಲ ಬೇಡ ಅಂದರೆ ಪೆನ್ನಿನಿಂದಲೇ ಗೆರೆ ಎಳೆಯಿರಿ, ಅದಕ್ಕೆ ಒಳಗೆ ಅಕ್ಷರ ಇರಬೇಕಾಗಿಲ್ಲ. ಯೂನಿಕೋಡ್ (ಎಲ್ಲ ಭಾಷೆಗೂ ಒಂದೇ ಅಕ್ಷರ ಸಂಕೇತ ಪದ್ಧತಿ) ಬರುವುದಕ್ಕೆ ಮೊದಲಿನ ಫಾಂಟುಗಳಲ್ಲಿ ಮಾಡಿದ ಕನ್ನಡ ಪಿಡಿಎಫ್‌ಗಳದ್ದು ಇನ್ನೊಂದು ಕಷ್ಟ. ಹೈಲೈಟ್ ಆಗುತ್ತದೆ, ಆದರೆ ಆ ಸಾಲನ್ನು ಹೊರಗೆ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಹುಡುಕಿದರೂ ಸಿಗುವುದಿಲ್ಲ.

ಪ್ರಶ್ನೆ: ಇ-ಇಂಕ್ ಕಣ್ಣಿಗೆ ಒಳ್ಳೆಯದು ಅನ್ನುವುದು ನಿಜವೇ?

ಉತ್ತರ: ಕಾಗದದ ಹಾಗೆ ಹೊರಗಿನ ಬೆಳಕಿನಲ್ಲೇ ಕಾಣುತ್ತದೆ, ಬಿಸಿಲಿನಲ್ಲೂ ಚೆನ್ನಾಗಿ ಓದಬಹುದು. ಬಹಳ ಜನರಿಗೆ ಅದು ಹಿತ. ಆದರೆ ಸ್ಕ್ರೀನ್ ನೋಡುವಾಗ ಕಣ್ಣು ಒಣಗಿ ಉರಿಯುವುದಕ್ಕೆ ಮುಖ್ಯ ಕಾರಣ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗುವುದು. ಎರಡು ಗಂಟೆ ಕದಲದೆ ಓದಿದರೆ ಇ-ಇಂಕ್ ಆದರೂ ಕಣ್ಣು ದಣಿಯುತ್ತದೆ. ಅಮೆರಿಕನ್ ನೇತ್ರತಜ್ಞರ ಅಕಾಡೆಮಿ ಹೇಳುವ ಹಾಗೆ 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ. ಕಣ್ಣುನೋವು ಮೊದಲಿಂದ ಇದ್ದರೆ ವೈದ್ಯರಿಗೆ ತೋರಿಸಿ, ಟ್ಯಾಬ್ಲೆಟ್ ಅದಕ್ಕೆ ಔಷಧಿ ಅಲ್ಲ.

ಪ್ರಶ್ನೆ: ಪುಟ ತಿರುಗಿಸಿದರೆ ಹಿಂದಿನ ಪುಟದ ಅಕ್ಷರ ಮಸುಕಾಗಿ ಉಳಿಯುತ್ತದೆ. ದೋಷವೇ? ಬಣ್ಣದ್ದು ತಗೊಂಡಿದ್ದರೆ ಚೆನ್ನಾಗಿತ್ತೇ?

ಉತ್ತರ: ದೋಷ ಅಲ್ಲ. ಸ್ಕ್ರೀನಿನ ಒಳಗೆ ಕೂದಲೆಳೆಯಷ್ಟು ದಪ್ಪದ ಪುಟ್ಟ ಪುಟ್ಟ ಗೋಲಿಗಳು, ಒಂದೊಂದರಲ್ಲೂ ದ್ರವ, ಅದರಲ್ಲಿ ತೇಲುವ ಕಪ್ಪು-ಬಿಳಿ ಕಣಗಳು. ಕಪ್ಪಿಗೂ ಬಿಳಿಗೂ ವಿರುದ್ಧ ವಿದ್ಯುದಾವೇಶ. ವಿದ್ಯುತ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ಕೆಳಗೆ ಹೋಗುತ್ತದೆ. ಬೇಗ ಬದಲಾಗಲಿ ಅಂತ ಅರ್ಧಂಬರ್ಧ ತಳ್ಳಿದಾಗ ಕೆಲವು ಕಣ ಹಳೇ ಜಾಗದಲ್ಲೇ ಉಳಿಯುತ್ತವೆ, ಆ ಮಸುಕು ಅದೇ. ಸೆಟ್ಟಿಂಗ್ಸ್‌ನಲ್ಲಿ ಪೂರ್ತಿ ರಿಫ್ರೆಶ್ ಜಾಸ್ತಿ ಮಾಡಿಕೊಳ್ಳಿ. ಸ್ಕ್ರೀನ್ ಒಮ್ಮೆ ಕಪ್ಪಾಗಿ ಮಿಂಚಿ ಶುಭ್ರವಾಗುತ್ತದೆ.

ಬಣ್ಣ ಬೇಕೇ ಅನ್ನುವುದು ನೀವು ಏನು ಓದುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಕಲೈಡೋ 3 ಎಂಬ ಬಣ್ಣದ ಇ-ಇಂಕ್ ಸ್ಕ್ರೀನಿನಲ್ಲಿ ಕಪ್ಪು-ಬಿಳುಪು 300 ಪಿಪಿಐ (ಇಂಚಿಗೆ ಅಷ್ಟು ಚುಕ್ಕೆ), ಬಣ್ಣ 150 ಮಾತ್ರ, ಮೇಲೆ ಬಣ್ಣದ ಫಿಲ್ಟರ್ ಇರುವುದರಿಂದ ಹಿನ್ನೆಲೆಯೂ ಸ್ವಲ್ಪ ಮಬ್ಬು. ನಕಾಶೆ, ಬಣ್ಣದ ಗ್ರಾಫ್ ಜಾಸ್ತಿ ಇದ್ದರೆ ಅನುಕೂಲ. ಬರೀ ಹೈಲೈಟ್‌ಗೋಸ್ಕರ ಬೇಡ. ಕಪ್ಪು-ಬಿಳುಪಿನ ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಬೂದಿ ಬಣ್ಣದಲ್ಲಿ ಕಾಣುವ ಹೈಲೈಟ್ ಎಕ್ಸ್‌ಪೋರ್ಟ್ ಮಾಡಿದಾಗ ಹಳದಿಯಾಗಿಯೇ ಬರುತ್ತದೆ.

ಪ್ರಶ್ನೆ: ಒಂದು ಟ್ಯಾಬ್ಲೆಟ್‌ನ ಪೆನ್ ಇನ್ನೊಂದಕ್ಕೆ ಆಗುತ್ತಾ?

ಉತ್ತರ: ಎರಡೂ ವಾಕಾಮ್ ಕಂಪನಿಯ ಇಎಂಆರ್ ಎಂಬ ಪೆನ್ ತಂತ್ರಜ್ಞಾನದವಾದರೆ ಸಾಮಾನ್ಯವಾಗಿ ಆಗುತ್ತದೆ. ಈ ಪೆನ್ನಿಗೆ ಬ್ಯಾಟರಿ ಇಲ್ಲ, ಸ್ಕ್ರೀನಿನ ಕೆಳಗಿನ ಪದರದಿಂದಲೇ ಅದಕ್ಕೆ ಶಕ್ತಿ. ರಿಮಾರ್ಕಬಲ್ 2ರ ಪೆನ್ ಇಂಥದ್ದು. ಅದೇ ಕಂಪನಿಯ ಪೇಪರ್ ಪ್ರೊ ಪೆನ್ ಚಾರ್ಜ್ ಮಾಡಬೇಕಾದದ್ದು, ಒಂದರದ್ದು ಇನ್ನೊಂದಕ್ಕೆ ನಡೆಯುವುದಿಲ್ಲ. ನಿಬ್ ಸವೆಯುವುದು ಸಹಜ, ಓರೆಯಾಗಿ ಚೂಪಾಗುವವರೆಗೆ ಬಿಡದೆ ಬದಲಾಯಿಸಿ.