ಓದುಗರ ಪ್ರಶ್ನೆ, ನಮ್ಮ ಉತ್ತರ: ಗಣಿ ಮುಚ್ಚಿತು, ಕಾಲುದಾರಿ ತೆರೆಯಿತು

ಜರ್ಮನಿಯ ಪಶ್ಚಿಮದಲ್ಲಿರುವ ರೂರ್ ಪ್ರದೇಶ ನೂರೈವತ್ತು ವರ್ಷಕ್ಕೂ ಮಿಕ್ಕಿ ಕಲ್ಲಿದ್ದಲಿನಿಂದಲೇ ಬದುಕಿದ ನಾಡು. ಅಲ್ಲಿನ ಕೊನೆಯ ಗಣಿ, ಬೊಟ್ರೊಪ್ ಊರಿನ ಪ್ರೋಸ್ಪರ್ ಹನಿಯಲ್, 2018ರ ಡಿಸೆಂಬರ್ 21ರಂದು ಮುಚ್ಚಿತು. ಕೆಲಸಕ್ಕೆಂದು ಅಲ್ಲಿಗೆ ಹೋದ ಮಕ್ಕಳ ಮನೆಗೆ ಹೊರಟಿರುವ ಬೆಂಗಳೂರಿನ ಓದುಗರು ಅಲ್ಲಿನ ನಡಿಗೆಯ ಬಗ್ಗೆ ಕೇಳಿದ್ದಾರೆ.

ಪ್ರಶ್ನೆ: ಮಗಳು ಡ್ಯುಸೆಲ್‌ಡಾರ್ಫ್‌ನಲ್ಲಿದ್ದಾಳೆ. ಜೂನ್‌ನಲ್ಲಿ ಹೋಗುತ್ತಿದ್ದೇವೆ. ಲಾಲ್‌ಬಾಗಿನಲ್ಲಿ ದಿನಾ ಒಂದು ಸುತ್ತು ನಡೆಯುತ್ತೇವೆ, ಆದರೆ ನಮ್ಮವರಿಗೆ ಮಂಡಿನೋವು, ಬಂಡೆ ಹತ್ತುವುದಿಲ್ಲ. ನಮ್ಮಂಥವರಿಗೆ ಅಲ್ಲಿ ಏನಿದೆ? (ಜಯನಗರ)

ನಿಮಗೆ ಹೇಳಿ ಮಾಡಿಸಿದ್ದು ಹಳೆಯ ರೈಲುಹಾದಿಗಳು. ಅದಿರು ತುಂಬಿದ ಗೂಡ್ಸ್ ರೈಲು ಕಡಿದಾದ ಏರು ಹತ್ತಲಾರದು. ಹಾಗಾಗಿ ತಗ್ಗಿದ್ದಲ್ಲಿ ಮಣ್ಣು ಏರಿಸಿ, ರಸ್ತೆ ಅಡ್ಡ ಬಂದಲ್ಲಿ ಸೇತುವೆ ಕಟ್ಟಿ ಹಳಿ ಹಾಕಿದ್ದರು. ಹಳಿ ಹೋಗಿದೆ, ಆ ಸಮತಟ್ಟು ಉಳಿದಿದೆ. ಮಂಡಿಗೆ ಇದಕ್ಕಿಂತ ಒಳ್ಳೆಯ ದಾರಿ ಬೇಕಿಲ್ಲ.

ಬೋಖುಮ್ ನಗರದ ವೆಸ್ಟ್‌ಪಾರ್ಕ್‌ನಿಂದ ಹೊರಡುವ ಎರ್ಟ್ಸ್‌ಬಾನ್ ದಾರಿ ಹಿಡಿಯಿರಿ. ಎರ್ಟ್ಸ್‌ಬಾನ್ ಅಂದರೆ ಅದಿರಿನ ರೈಲು. ಕಾಲುವೆಯ ಬಂದರಿನಿಂದ ಬೋಖುಮ್‌ನ ಉಕ್ಕಿನ ಕಾರ್ಖಾನೆಗೆ ಅದಿರು ಸಾಗಿಸಲು ಹಾಕಿದ ಮಾರ್ಗವಿದು. ಗೆಲ್ಸೆನ್‌ಕಿರ್ಖೆನ್ ಬಳಿಯ ರೈನ್-ಹೆರ್ನೆ ಕಾಲುವೆಯವರೆಗೆ ಸುಮಾರು 10 ಕಿ.ಮೀ. ಇದೆ. ಪೂರ್ತಿ ನಡೆಯುವ ಹಟ ಬೇಡ. ವೆಸ್ಟ್‌ಪಾರ್ಕ್‌ನಲ್ಲಿ ಇಂಗ್ಲಿಷಿನ ಎಸ್ ಅಕ್ಷರದಂತೆ ಬಳುಕಿದ ತೂಗುಸೇತುವೆ ದಾಟಿ, ಮೂರು ಕಿ.ಮೀ. ಹೋಗಿ, ಅದೇ ದಾರಿಯಲ್ಲಿ ಹಿಂತಿರುಗಿ. ದಾರಿ ಎತ್ತರದ ಏರಿಯ ಮೇಲಿರುವುದರಿಂದ ಎಲ್ಲೆಂದರಲ್ಲಿ ಕೆಳಗಿಳಿಯಲು ಆಗುವುದಿಲ್ಲ. ಕಾಲು ಸೋತ ಮೇಲೆ ಹಿಂತಿರುಗುವುದಲ್ಲ, ಅರ್ಧ ಶಕ್ತಿ ಇರುವಾಗಲೇ ತಿರುಗಬೇಕು. ಶೌಚಾಲಯ ವಿರಳ, ಬೋಖುಮ್ ನಿಲ್ದಾಣದಲ್ಲೇ ಮುಗಿಸಿಕೊಳ್ಳಿ.

ಒಂದು ಎಚ್ಚರಿಕೆ. ಅಲ್ಲಿ ವಾಹನ ಸಂಚಾರ ಬಲಬದಿಗೆ, ನಡೆಯುವವರೂ ಬಲಕ್ಕೇ ಸರಿದಿರಬೇಕು. ನಮ್ಮ ಎಡದ ಅಭ್ಯಾಸ ಇಲ್ಲಿ ಅಪಾಯ. ಸೈಕಲ್‌ನವರು ವೇಗವಾಗಿ ಬಂದು, ಗಂಟೆ ಬಾರಿಸಿ, ಎಡಗಡೆಯಿಂದ ಹಾದುಹೋಗುತ್ತಾರೆ. ಗಂಟೆ ಕೇಳಿದೊಡನೆ ಗಾಬರಿಯಿಂದ ಎಡಕ್ಕೆ ಜಿಗಿದರೆ ಡಿಕ್ಕಿ ಖಚಿತ. ಇದ್ದಲ್ಲೇ ನೇರವಾಗಿ ನಡೆಯುತ್ತಿರಿ.

ಇನ್ನೊಂದು ದಿನ ಎಸ್ಸೆನ್‌ನ ತ್ಸೋಲ್‌ಫರೈನ್ ಗಣಿಗೆ. ಎಸ್ಸೆನ್ ಮುಖ್ಯ ನಿಲ್ದಾಣದಿಂದ 107ನೇ ನಂಬರಿನ ಟ್ರಾಮ್ ನೇರ ಬಾಗಿಲಿಗೇ ಬಿಡುತ್ತದೆ. ನಿಲ್ದಾಣದ ಹೆಸರೂ ತ್ಸೋಲ್‌ಫರೈನ್. 1932ರಲ್ಲಿ ಶುರುವಾದ 12ನೇ ಬಾವಿಯ ಮೇಲೆ 55 ಮೀಟರ್ ಎತ್ತರದ ಉಕ್ಕಿನ ಗೋಪುರವಿದೆ. ಕಲ್ಲಿದ್ದಲನ್ನು ಮೇಲೆತ್ತುತ್ತಿದ್ದ ರಾಟೆ ಅದರ ನೆತ್ತಿಯಲ್ಲಿದೆ. ಗಣಿ 1986ರಲ್ಲಿ ಮುಚ್ಚಿತು, 2001ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಆವರಣಕ್ಕೆ ಟಿಕೆಟ್ ಇಲ್ಲ. ಹೆಚ್ಚಿನವರು ಗೋಪುರದ ಮುಂದೆ ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ನಿಜವಾದ ಸೊಗಸು ಇರುವುದು ಹಿಂದೆ, ಹಳಿಗಳ ನಡುವೆ ತಾನಾಗಿ ಎದ್ದ ಬರ್ಚ್ ಮರಗಳ ತೋಪಿನಲ್ಲಿ. ಬರ್ಚ್‌ನ ಬೀಜ ಗಾಳಿಯಲ್ಲಿ ತೇಲುವಷ್ಟು ಹಗುರ, ಬೇರೇನೂ ಬೆಳೆಯದ ಕಪ್ಪು ಕಲ್ಲುಪುಡಿಯಲ್ಲೂ ಮೊದಲು ಚಿಗುರುವುದು ಅದೇ. ಆ ತೋಪನ್ನು ದಾಟಿ, ಕಲ್ಲಿದ್ದಲನ್ನು ಕಾಯಿಸಿ ಕೋಕ್ ಎಂಬ ಕುಲುಮೆಯ ಇಂಧನ ಮಾಡುತ್ತಿದ್ದ ಕಾರ್ಖಾನೆಯ ಉದ್ದನೆಯ ಒಲೆಸಾಲಿನವರೆಗೆ ಹೋಗಿ ಬನ್ನಿ. ನೆಲ ಸಮ, ಗಾಲಿಕುರ್ಚಿಯೂ ಸಾಗುತ್ತದೆ.

ಪ್ರಶ್ನೆ: ಅಲ್ಲಿ ಗಣಿತ್ಯಾಜ್ಯದ ಗುಡ್ಡಗಳನ್ನೇ ಜನ ಹತ್ತುತ್ತಾರಂತೆ. ಕುಸಿಯುವುದಿಲ್ಲವೇ? (ರಾಜಾಜಿನಗರ)

ಕೇಳಬೇಕಾದ ಪ್ರಶ್ನೆಯೇ. ಕಲ್ಲಿದ್ದಲಿನ ಜೊತೆ ಮೇಲೆ ಬರುವ ಕಲ್ಲನ್ನು ಬೇರ್ಪಡಿಸಿ ಸುರಿದ ರಾಶಿಗೆ ಅಲ್ಲಿಯವರು ‘ಹಾಲ್ಡೆ’ ಎನ್ನುತ್ತಾರೆ. ಹಳೆಯ ಕಾಲದ ರಾಶಿಗಳು ರಾಗಿ ಸುರಿದಂತೆ ಚೂಪಾಗಿದ್ದವು. 1966ರ ಅಕ್ಟೋಬರ್ 21ರಂದು ವೇಲ್ಸ್‌ನ ಅಬರ್‌ಫ್ಯಾನ್‌ನಲ್ಲಿ ಅಂಥದೊಂದು ರಾಶಿ ನೀರು ಕುಡಿದು ಜಾರಿ, ಕೆಳಗಿದ್ದ ಶಾಲೆಯ ಮೇಲೆ ಬಿತ್ತು. 116 ಮಕ್ಕಳೂ ಸೇರಿ 144 ಜನ ಸತ್ತರು. ಆಮೇಲೆ ಜರ್ಮನಿಯಲ್ಲೂ ರಾಶಿ ಹಾಕುವ ಕ್ರಮ ಬದಲಾಯಿತು. ಇಳಿಜಾರು ತಗ್ಗಿಸಿ, ನಡುನಡುವೆ ಮೆಟ್ಟಿಲಿನಂತೆ ಸಮತಟ್ಟು ಬಿಟ್ಟು, ಮಳೆನೀರಿಗೆ ಕಾಲುವೆ ತೋಡಿ, ಮಣ್ಣು ಹೊದಿಸಿ ಗಿಡ ನೆಟ್ಟರು. ಇವತ್ತು ನೀವು ಆರಾಮವಾಗಿ ಹತ್ತುವ ಬಳಸುದಾರಿ ಆ ಎಚ್ಚರಿಕೆಯ ಫಲ.

ಒಂದೇ ಗುಡ್ಡ ನೋಡುವುದಾದರೆ ಹೆರ್ಟೆನ್‌ನ ಹೋಹೆವಾರ್ಡ್ ನೋಡಿ. ಪಕ್ಕದ ಎವಾಲ್ಡ್ ಗಣಿ 2000ದಲ್ಲಿ ಮುಚ್ಚಿತು. ಗುಡ್ಡ ಸಮುದ್ರಮಟ್ಟದಿಂದ 152 ಮೀಟರ್, ಸುತ್ತಲಿನ ನೆಲದಿಂದ ಸುಮಾರು ನೂರು ಮೀಟರ್. ನೆತ್ತಿಯಲ್ಲಿ ಒಂದು ದೊಡ್ಡ ಕಂಬ ನಿಲ್ಲಿಸಿ ಅಂಗಳವನ್ನೇ ನೆರಳುಗಡಿಯಾರ ಮಾಡಿದ್ದಾರೆ. ನೇರ ಮೆಟ್ಟಿಲು ಬಿಟ್ಟು ಸುತ್ತಿ ಏರುವ ದಾರಿಯಲ್ಲೇ ಹೋಗಿ. ಮೇಲೆ ಮರವಿಲ್ಲ. ಬೇಸಿಗೆಯ ಮಧ್ಯಾಹ್ನ ಕಪ್ಪು ಕಲ್ಲು ಕಾದು ಅಂಗಾಲು ಸುಡುತ್ತದೆ, ಸಂಜೆ ಗಾಳಿಗೆ ಮೈ ನಡುಗುತ್ತದೆ. ಟೋಪಿಯೂ ಬೇಕು, ಗಾಳಿ ತಡೆಯುವ ಜಾಕೆಟ್ಟೂ ಬೇಕು. ಜೂನ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂ ಮುಕ್ಕಾಲರ ಸುಮಾರಿಗೆ. ಆರಕ್ಕೆ ಹೊರಟರೂ ಬೆಳಕಿನಲ್ಲೇ ಇಳಿಯಬಹುದು.

ಕುಸಿತದ ಭಯ ಗುಡ್ಡಕ್ಕಿಂತ ಬಯಲಲ್ಲೇ ಹೆಚ್ಚು. ಪ್ರದೇಶದ ದಕ್ಷಿಣಕ್ಕೆ ಕಲ್ಲಿದ್ದಲು ನೆಲದ ಹತ್ತಿರವೇ ಇತ್ತು. ಹಳಬರು ಅಗೆದು ಬಿಟ್ಟ ಪೊಳ್ಳು ಈಗಲೂ ಬಾಯಿ ತೆರೆಯುವುದುಂಟು. 2000ದ ಜನವರಿಯಲ್ಲಿ ಬೋಖುಮ್‌ನ ವಾಟೆನ್‌ಶೈಡ್‌ನಲ್ಲಿ ಮನೆಗಳ ನಡುವೆಯೇ ನೆಲ ಕುಸಿದು ದೊಡ್ಡ ಗುಂಡಿಯಾಗಿತ್ತು. ಕಾಡಿನಲ್ಲಿ ಬೇಲಿ ಹಾಕಿದ ಜಾಗ ಕಂಡರೆ ದಾಟಬೇಡಿ, ಹತ್ತಿರದ ಹಾದಿಯೆಂದು ದಾರಿ ಬಿಟ್ಟು ಇಳಿಯಲೂ ಬೇಡಿ.

ಪ್ರಶ್ನೆ: ಹತ್ತು ವರ್ಷದ ಮೊಮ್ಮಗನಿಗೆ ಬೇಸರವಾಗದಂಥದ್ದು ಹೇಳಿ. (ಬಸವನಗುಡಿ)

ವಿಟ್ಟೆನ್ ಊರಿನ ಮುಟ್ಟೆನ್‌ಟಾಲ್ ಕಣಿವೆ. ರೂರ್ ಗಣಿಗಾರಿಕೆಯ ತೊಟ್ಟಿಲು ಎನ್ನುವುದು ಇದನ್ನೇ. ಹಂದಿ ಕಾಯುವ ಹುಡುಗನೊಬ್ಬ ಹಾಕಿದ ಬೆಂಕಿ ಬೆಳಗಾದರೂ ಆರದೆ, ಕೆಳಗಿನ ಕಪ್ಪು ಕಲ್ಲೇ ಉರಿಯುತ್ತಿರುವುದನ್ನು ಕಂಡನೆಂಬ ಕಥೆ ಇಲ್ಲಿಯದು. ಸುತ್ತುದಾರಿ ಸುಮಾರು 9 ಕಿ.ಮೀ. ಕಾಡು, ಗಣಿಯ ಸುರಂಗಬಾಯಿಗಳು, ರೂರ್ ನದಿಯ ದಂಡೆಗೆ ಹಾರ್ಡೆನ್‌ಸ್ಟೈನ್ ಕೋಟೆಯ ಅವಶೇಷ. ಮಳೆ ಬಂದ ಮರುದಿನ ಕೆಸರು, ಚಪ್ಪಲಿ ನಡೆಯದು. ಹೊರಡುವ ಮುನ್ನ ನಾಖ್ಟಿಗಾಲ್ ಗಣಿ ವಸ್ತುಸಂಗ್ರಹಾಲಯದಲ್ಲಿ ಹೆಲ್ಮೆಟ್ ಹಾಕಿಸಿ ಸುರಂಗದೊಳಗೆ ಕರೆದೊಯ್ಯುತ್ತಾರೆ. ಸೋಮವಾರ ರಜೆ. ಒಳಗೆ ಬೇಸಿಗೆಯಲ್ಲೂ ತಂಪು, ಸ್ವೆಟರ್ ಇರಲಿ. ನಿಮಗೆ ಬಗ್ಗಿ ನಡೆಯುವುದು ಕಷ್ಟವಾದರೆ ಹುಡುಗನನ್ನು ಅಪ್ಪ ಅಮ್ಮನ ಜೊತೆ ಕಳಿಸಿ ನೀವು ಹೊರಗೆ ಕೂರಿ.

ಬೊಟ್ರೊಪ್‌ನ ಗುಡ್ಡದ ಮೇಲಿರುವ ಟೆಟ್ರಾಯೆಡರ್ ಎಂಬ ಉಕ್ಕಿನ ತ್ರಿಕೋನ ಗೋಪುರವೂ ಮಕ್ಕಳಿಗೆ ಇಷ್ಟ. 18, 32, 38 ಮೀಟರ್ ಎತ್ತರದಲ್ಲಿ ಮೂರು ಅಟ್ಟಣೆಗಳಿವೆ. ಮೆಟ್ಟಿಲು ಜಾಲರಿಯದು, ಕಾಲ ಕೆಳಗೆ ನೆಲ ಕಾಣುತ್ತದೆ, ಗಾಳಿಗೆ ತುಸು ತೂಗುತ್ತದೆ. ತಲೆ ಸುತ್ತುವವರು ಮೊದಲ ಅಟ್ಟಣೆಗೇ ನಿಲ್ಲಲಿ. ಬಿರುಗಾಳಿ, ಹಿಮ ಇದ್ದರೆ ಬಾಗಿಲು ಹಾಕುತ್ತಾರೆ.

ಪ್ರಶ್ನೆ: ಟಿಕೆಟ್, ಊಟ, ನೀರು? (ವಿಜಯನಗರ)

ಒಂದೇ ದಿನ ಹಲವು ಕಡೆ ಸುತ್ತುವುದಾದರೆ 24 ಗಂಟೆಯ ಟಿಕೆಟ್ ಕೊಳ್ಳಿ. ಐದು ಜನರವರೆಗೆ ಒಂದೇ ಟಿಕೆಟ್ ಸಿಗುತ್ತದೆ, ತಲೆಗೊಂದರಂತೆ ಕೊಳ್ಳುವುದಕ್ಕಿಂತ ಅಗ್ಗ. ಯಂತ್ರದಿಂದ ಬಂದ ಕಾಗದದ ಟಿಕೆಟ್ಟಿನ ಮೇಲೆ ಸಮಯ ಅಚ್ಚಾಗಿಲ್ಲದಿದ್ದರೆ ಮುದ್ರೆಪೆಟ್ಟಿಗೆಯಲ್ಲಿ ಒತ್ತಿಸಲೇಬೇಕು. ಮರೆತರೆ ಟಿಕೆಟ್ ಇದ್ದೂ ಇಲ್ಲದ ಹಾಗೆ. ದಂಡ 60 ಯೂರೊ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಣ್ಣು, ಬ್ರೆಡ್ ತಂದಿಟ್ಟುಕೊಳ್ಳಿ. ದಾರಿಬದಿಯ ಅಂಗಡಿಯಲ್ಲಿ ಸಸ್ಯಾಹಾರಿಗಳಿಗೆ ಸಿಗುವುದು ಹೆಚ್ಚಾಗಿ ಕರಿದ ಆಲೂಗಡ್ಡೆ ಮಾತ್ರ. ಪುಳಿಯೋಗರೆಯೋ ಚಪಾತಿಯೋ ಕಟ್ಟಿಕೊಂಡು ಹೋದರೆ ನೆಮ್ಮದಿ. ಮನೆಯ ನಲ್ಲಿ ನೀರು ಕುಡಿಯಲು ಯೋಗ್ಯ, ಬಾಟಲಿ ತುಂಬಿಕೊಳ್ಳಿ. ಶೌಚಾಲಯಕ್ಕೆ ಚಿಲ್ಲರೆ ನಾಣ್ಯ ಜೇಬಿನಲ್ಲಿರಲಿ.

ಪ್ರಶ್ನೆ: ಇಷ್ಟು ದೂರ ಯಾಕೆ, ನಮ್ಮ ಕೆಜಿಎಫ್‌ನಲ್ಲೇ ಗುಡ್ಡಗಳಿವೆಯಲ್ಲ? ಹತ್ತಬಹುದೇ? (ಬನಶಂಕರಿ)

ಬೇಡ. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿನ ಸೈನೈಡ್ ದಿಬ್ಬಗಳು ಹೊರನೋಟಕ್ಕೆ ಹಾಲ್ಡೆಯಂತೆಯೇ ಕಂಡರೂ ಒಡಲು ಬೇರೆ. ಹಾಲ್ಡೆಯಲ್ಲಿರುವುದು ಒಡೆದ ಕಲ್ಲು, ಸಂದಿಯಲ್ಲಿ ನೀರು ನಿಲ್ಲುತ್ತದೆ, ಬೇರು ಇಳಿಯುತ್ತದೆ. ಕೆಜಿಎಫ್‌ನದು ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ. ಬೇಸಿಗೆಯ ಗಾಳಿಗೆ ಅದು ಎದ್ದು ಕಣ್ಣಿಗೆ, ಶ್ವಾಸಕ್ಕೆ ಹೋಗುತ್ತದೆ. ಮಳೆ ಕೊರೆದ ಕೊರಕಲುಗಳ ಅಂಚು ಕಾಲಿಟ್ಟರೆ ಜಾರುತ್ತದೆ. ಅಲ್ಲಿ ಆಡಿ ಬೆಳೆಯುವ ಮಕ್ಕಳಿಗಾದರೂ ಆ ದಿಬ್ಬಗಳ ಮೇಲೆ ಹಸಿರು ಹೊದಿಸುವ ಕೆಲಸ ಪೂರ್ತಿಯಾಗಬೇಕು. ಊರು ನೋಡುವ ಆಸೆಯಿದ್ದರೆ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದು ಊರ್ಗಾಂ, ಚಾಂಪಿಯನ್ ನಿಲ್ದಾಣಗಳನ್ನು ಕಿಟಕಿಯಿಂದ ನೋಡಿ. ಕಾಲಿಗೆ ಕೆಲಸ ಬೇಕೆಂದರೆ ಕೋಲಾರದ ಅಂತರಗಂಗೆಯ ಮೆಟ್ಟಿಲಿದೆ, ಬೆಳಿಗ್ಗೆ ಎಂಟರೊಳಗೆ ಹತ್ತಿ ಮುಗಿಸಿ.